ದೂರದ ನೋವು, ಮರಗಟ್ಟಿದ ಮನಸ್ಸು ಮತ್ತು ಚಿತ್ರಕಲೆ

(ಕೂಟದ ಅತಿಥಿ ಉಪನ್ಯಾಸದ ಲಿಖಿತ ರೂಪ)



ತಾಯ್ನಾಡಿನಿಂದ ಸಾವಿರಾರು ಮೈಲಿಗಳಾಚೆ ನೆಲೆಸಿಯೂ ಚಿತ್ರಕಲೆಯ ಬಗ್ಗೆ ಕನ್ನಡದಲ್ಲಿಯೇ ಕೇಳಬೇಕೆಂಬ ಹಂಬಲವುಳ್ಳ ಸಭೆಯೊಂದು ದೊರೆಯುವುದು ಸುಯೋಗವೇ ಸರಿ. ಇಂತಹ ಸಭೆಗಳಲ್ಲಿ ಚಿತ್ರಕಲೆಯೆಂದರೆ ಮೈಸೂರು ಶೈಲಿಯ ದೇವತಾಚಿತ್ರಗಳ ಚಿನ್ನದ ಲೇಪವೋ ಹಬ್ಬದ ರಂಗವಲ್ಲಿಯ ವಿನ್ಯಾಸವೋ ನೆನಪಾಗುವುದು ಸಹಜ. ಇಂದು ನಾವು ಎತ್ತಿಕೊಂಡಿರುವ ವಿಷಯ ಅಷ್ಟು ಪ್ರಿಯವಾದುದಲ್ಲ. ದೂರದಲ್ಲಿ ನರಳುತ್ತಿರುವವರ ವಿಷಯದಲ್ಲಿ ನಮ್ಮ ಮನಸ್ಸು ಏಕೆ ಮರಗಟ್ಟುತ್ತದೆ, ಆ ಮರಗಟ್ಟುವಿಕೆಯನ್ನೇ ವಸ್ತುವಾಗಿಸಿಕೊಂಡು ಚಿತ್ರ ಬರೆಯಲು ಸಾಧ್ಯವೇ, ಹಾಗೆ ಬರೆದವರು ಯಾರು, ಅವರು ಕಂಡುಕೊಂಡ ದಾರಿಗಳೇನು ಎಂಬುದು ನಮ್ಮ ಇಂದಿನ ವಿಚಾರ.

ಈ ಪ್ರಶ್ನೆ ಪರದೇಶವಾಸಿಗಳಾದ ನಮಗೆ ಇತರರಿಗಿಂತ ಒಂದು ಹಿಡಿ ಹೆಚ್ಚು ಸಂಬಂಧಿಸಿದ್ದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಭೂಮಿ ನಡುಗಿ ಸುಮಾರು 10,000 ಜನ ಮಡಿದರು. ಅದು ನಮ್ಮ ಬೀದರ, ಕಲಬುರಗಿಗಳ ನೆರೆಯ ಸೀಮೆ. 2001ರ ಜನವರಿ 26ರಂದು ಭುಜ್ ನಗರ ನೆಲಸಮವಾಯಿತು. ಅಂತಹ ದಿನಗಳಲ್ಲಿ ನಾವು ದೂರವಾಣಿಗೆ ಓಡುತ್ತೇವೆ, ನಿಧಿ ಸಂಗ್ರಹಿಸುತ್ತೇವೆ, ನಾಲ್ಕು ದಿನ ಅದೇ ಮಾತನಾಡುತ್ತೇವೆ. ಐದನೆಯ ವಾರದಲ್ಲಿ ಆ ಊರಿನ ಹೆಸರು ಕಿವಿಗೆ ಬಿದ್ದರೂ ಮನಸ್ಸು ಕದಲುವುದಿಲ್ಲ. ಒಂದು ಕಾಲಕ್ಕೆ ಸ್ವಂತದ್ದಾಗಿದ್ದ ನೆಲದ ನೋವೇ ಕ್ರಮೇಣ ‘ದೂರದ ನೋವು’ ಆಗಿಬಿಡುತ್ತದೆ. ಇದನ್ನು ಕ್ರೌರ್ಯವೆನ್ನಲಾಗದು. ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕುಳಿತ ಕಾಲಿಗೆ ಜೋಮು ಹಿಡಿಯುವಂತೆ, ದೂರದಿಂದಲೇ ನೋಡುತ್ತ ಕುಳಿತ ಮನಸ್ಸಿಗೂ ಜೋಮು ಹಿಡಿಯುತ್ತದೆ.

ಈ ಸ್ಥಿತಿಯನ್ನು ಗುರುತಿಸಿದವರಲ್ಲಿ ನಾವು ಮೊದಲಿಗರಲ್ಲ. ಸ್ಕಾಟ್ಲೆಂಡಿನ ತತ್ತ್ವಜ್ಞ ಆಡಂ ಸ್ಮಿತ್ 1759ರಲ್ಲಿ ಪ್ರಕಟಿಸಿದ ನೀತಿಭಾವನೆಗಳ ಕುರಿತ ಗ್ರಂಥದಲ್ಲಿ ಒಂದು ಕಲ್ಪನೆಯನ್ನು ಮುಂದಿಡುತ್ತಾನೆ. ಚೀನಾ ಸಾಮ್ರಾಜ್ಯವನ್ನು ಭೂಕಂಪವೊಂದು ನುಂಗಿತೆಂಬ ಸುದ್ದಿ ಕೇಳಿದ ಯುರೋಪಿನ ಸಜ್ಜನನೊಬ್ಬ ದುಃಖದ ಮಾತುಗಳನ್ನಾಡಿ, ಜೀವನದ ಅನಿಶ್ಚಿತತೆಯನ್ನು ಕುರಿತು ಚಿಂತಿಸಿ, ಬಳಿಕ ಸುಖವಾಗಿ ನಿದ್ರಿಸುತ್ತಾನೆ. ಆದರೆ ನಾಳೆ ತನ್ನ ಕಿರುಬೆರಳು ಹೋಗಲಿದೆಯೆಂದು ತಿಳಿದರೆ ಅವನಿಗೆ ಆ ರಾತ್ರಿ ನಿದ್ರೆಯಿಲ್ಲ. ಸ್ಮಿತ್ ಅಲ್ಲಿಗೇ ನಿಲ್ಲುವುದಿಲ್ಲ. ಆ ಬೆರಳನ್ನು ಉಳಿಸಿಕೊಳ್ಳಲು ಅಷ್ಟು ಜನರ ಪ್ರಾಣವನ್ನು ಬಲಿಗೊಡಲು ಅದೇ ಮನುಷ್ಯ ಒಪ್ಪಲಾರನೆಂದೂ, ಭಾವನೆ ಮುಟ್ಟದ ಕಡೆ ವಿವೇಕವೂ ಅಂತಃಸಾಕ್ಷಿಯೂ ಕೆಲಸ ಮಾಡುತ್ತವೆಂದೂ ಸೇರಿಸುತ್ತಾನೆ. ಈ ಎರಡನೆಯ ಭಾಗವನ್ನು ನಾವು ನೆನಪಿನಲ್ಲಿಡಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ವಿಚಾರ ಮನಶ್ಶಾಸ್ತ್ರದ ಅಂಗಳಕ್ಕೆ ಬಂದಿತು. ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ 1962ರಲ್ಲಿ ಹಿರೋಶಿಮಾದಲ್ಲಿ ಬದುಕುಳಿದವರನ್ನು ಮಾತನಾಡಿಸಿ, ಸಾವಿನ ಮಹಾಪೂರದ ನಡುವೆ ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಭಾವನೆಯ ಬಾಗಿಲುಗಳನ್ನು ಮುಚ್ಚಿಕೊಳ್ಳುವ ಬಗೆಯನ್ನು ವಿವರಿಸಿದರು. ಮುಂದೆ ಪಾಲ್ ಸ್ಲೋವಿಕ್ ಮೊದಲಾದವರು, ಅನುಭವಿಸಿದವರಲ್ಲಷ್ಟೇ ಅಲ್ಲದೆ ದೂರದಿಂದ ನೋಡುವವರಲ್ಲಿಯೂ ಇಂತಹ ಜಡತೆ ಉಂಟಾಗುವುದನ್ನು ಪರೀಕ್ಷಿಸಿ ತೋರಿಸಿದರು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಫ್ರಿಕದ ಮಾಲಿ ದೇಶದ ಏಳು ವರ್ಷದ ಬಾಲೆಯೊಬ್ಬಳ ಚಿತ್ರವನ್ನೂ ಹೆಸರನ್ನೂ ಕಂಡವರು, ಲಕ್ಷಾಂತರ ಜನರ ಹಸಿವಿನ ಅಂಕಿ-ಅಂಶಗಳನ್ನು ಮಾತ್ರ ಓದಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ದಾನ ಮಾಡಿದರು. ಸೋಜಿಗವೆಂದರೆ, ಆ ಬಾಲೆಯ ಚಿತ್ರದ ಪಕ್ಕದಲ್ಲಿಯೇ ಅಂಕಿ-ಅಂಶಗಳನ್ನೂ ಇಟ್ಟಾಗ ಅವಳಿಗೆ ಸಲ್ಲುತ್ತಿದ್ದ ದಾನವೂ ಇಳಿಯಿತು. ಸಂಖ್ಯೆ ಬೆಳೆದಂತೆ ಕರುಣೆ ಬೆಳೆಯುವುದಿಲ್ಲ. ಎಷ್ಟೋ ವೇಳೆ ಕುಗ್ಗುತ್ತದೆ.

ಹಾಗಾದರೆ ಮನಸ್ಸನ್ನು ಮರಗಟ್ಟಿಸುವ ಕಾರಣಗಳು ಯಾವುವು? ಸ್ಥೂಲವಾಗಿ ನಾಲ್ಕನ್ನು ಹೇಳಬಹುದು. ಒಂದು, ಮುಚ್ಚಿಡುವಿಕೆ: ಅಧಿಕಾರದಲ್ಲಿರುವವರು ನೋವನ್ನು ಕಾಣದಂತೆ ಮಾಡುವುದು. ಎರಡು, ಸಂಖ್ಯೆ. ಮೂರು, ಪುನರಾವೃತ್ತಿ. ನಾಲ್ಕು, ದೂರ. ಚಿತ್ರಕಾರರು ಈ ನಾಲ್ಕನ್ನೂ ಎದುರಿಸಿದ ಉದಾಹರಣೆಗಳನ್ನು ಈಗ ನೋಡೋಣ.

ಮುಚ್ಚಿಡುವಿಕೆಗೆ ಒಂದು ಚಿತ್ರವೇ ಸಾಕ್ಷಿಯಾಗಿ ಉಳಿದಿದೆ. ಫ್ಲಾಂಡರ್ಸ್‌ನ ಹಿರಿಯ ಪೀಟರ್ ಬ್ರೂಗೆಲ್ 1565-67ರ ಸುಮಾರಿನಲ್ಲಿ ‘ಶಿಶುಗಳ ಹತ್ಯೆ’ ಎಂಬ ಚಿತ್ರವನ್ನು ಬರೆದ. ಹೆರೋದ್ ಅರಸನ ಆಜ್ಞೆಯಂತೆ ಬೆತ್ಲೆಹೇಮಿನ ಹಸುಳೆಗಳನ್ನು ಕೊಲ್ಲಿಸಿದ ಬೈಬಲ್ಲಿನ ಕಥೆಯನ್ನು ಅವನು ತನ್ನದೇ ನಾಡಿನ ಹಿಮ ಮುಚ್ಚಿದ ಹಳ್ಳಿಯೊಂದರಲ್ಲಿ ನಡೆಯುವಂತೆ ಚಿತ್ರಿಸಿದ್ದ. ಈ ಕೃತಿ ಮುಂದೆ ಚಕ್ರವರ್ತಿ ಎರಡನೆಯ ರುಡಾಲ್ಫನ ಸಂಗ್ರಹಕ್ಕೆ ಸೇರಿತು. ಅಲ್ಲಿ ಬೇರೆ ಕುಂಚವೊಂದು ಅದರ ಮೇಲೆ ಓಡಾಡಿತು. ಸತ್ತ ಮಕ್ಕಳ ಜಾಗದಲ್ಲಿ ಬಟ್ಟೆಯ ಗಂಟುಗಳೂ ಕೋಳಿ-ಬಾತುಗಳೂ ದನಕರುಗಳೂ ಬಂದು ಕೂತವು. ಕೊಲೆಯ ಚಿತ್ರ ಲೂಟಿಯ ಚಿತ್ರವಾಯಿತು. ಆದರೆ ತಿದ್ದಿದವನು ತಾಯಂದಿರ ಮುಖಗಳನ್ನು ಹಾಗೆಯೇ ಬಿಟ್ಟ. ಇಂದಿಗೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿರುವ ಆ ಫಲಕದಲ್ಲಿ ಹೆಂಗಸೊಬ್ಬಳು ಮಡಿಲಲ್ಲಿ ಗಂಟೊಂದನ್ನಿಟ್ಟುಕೊಂಡು ಗೋಳಾಡುತ್ತಿದ್ದಾಳೆ. ಒಂದು ಗಂಟಿಗಾಗಿ ಯಾರಾದರೂ ಹಾಗೆ ಅಳುತ್ತಾರೆಯೇ ಎಂಬ ಅನುಮಾನ ಹುಟ್ಟಿದ ಕ್ಷಣದಲ್ಲಿಯೇ ನೋಡುವವನ ಜೋಮು ಬಿಡಲಾರಂಭಿಸುತ್ತದೆ.

ಸ್ಪೇನಿನ ಗೋಯಾ ಇನ್ನೊಂದು ದಾರಿ ಹಿಡಿದ. ನೆಪೋಲಿಯನ್ನನ ಸೇನೆ ತನ್ನ ನಾಡಿನಲ್ಲಿ ನಡೆಸಿದ ಯುದ್ಧವನ್ನೂ ಅದರ ಬೆನ್ನಿಗೆ ಬಂದ ಕ್ಷಾಮವನ್ನೂ ಕುರಿತು 1810ರಿಂದ 1820ರವರೆಗೆ 82 ತಾಮ್ರಫಲಕಗಳನ್ನು ಕೊರೆದ. ಅವನ ಜೀವಿತಕಾಲದಲ್ಲಿ ಅವು ಪ್ರಕಟವಾಗಲಿಲ್ಲ. ಅವನು ತೀರಿಕೊಂಡು 35 ವರ್ಷಗಳಾದ ಮೇಲೆ, 1863ರಲ್ಲಿ, 80 ಫಲಕಗಳು ಬೆಳಕು ಕಂಡವು. ಅವುಗಳಲ್ಲಿ 36ನೆಯದನ್ನು ನಮ್ಮ ವಿಷಯಕ್ಕಾಗಿ ವಿಶೇಷವಾಗಿ ನೋಡಬೇಕು. ಮರಕ್ಕೆ ನೇತುಹಾಕಿದ ಮನುಷ್ಯನೊಬ್ಬನ ಶವ. ಅದರ ಎದುರಿಗೆ ಕಲ್ಲಿನ ಮೇಲೆ ಮೊಣಕೈಯೂರಿ, ಅಂಗೈಗೆ ಗಲ್ಲವನ್ನಾನಿಸಿ, ಊಟವಾದ ಮೇಲೆ ವಿಶ್ರಾಂತಿ ಪಡೆಯುವವನಂತೆ ಒರಗಿರುವ ಸೈನ್ಯಾಧಿಕಾರಿ. ಅವನ ಮುಖದಲ್ಲಿ ಕೋಪವಿಲ್ಲ, ದ್ವೇಷವಿಲ್ಲ, ಸಂತೋಷವೂ ಇಲ್ಲ. ಈ ಚಿತ್ರದ ನಿಜವಾದ ವಸ್ತು ನೇಣಿನಲ್ಲಿರುವವನಲ್ಲ, ನೋಡುತ್ತಿರುವವನು. ಜಡತೆಯನ್ನೇ ಚಿತ್ರಿಸಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ದೊರೆಯುವುದು ಕಷ್ಟ.

ಇನ್ನು ನಮ್ಮ ದೇಶಕ್ಕೆ ಬರೋಣ. 1943ರ ಬಂಗಾಳದ ಬರದಲ್ಲಿ ಸತ್ತವರ ಸಂಖ್ಯೆ ಸುಮಾರು 30 ಲಕ್ಷವೆಂದು ಅಂದಾಜು. ಯುದ್ಧಕಾಲದ ಸರ್ಕಾರ ಬರವೆಂಬ ಮಾತನ್ನೇ ಆಡಲು ಹಿಂಜರಿಯುತ್ತಿದ್ದಾಗ, ಆ ವರ್ಷದ ಆಗಸ್ಟ್ 22ರಂದು ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಬೀದಿಯಲ್ಲಿ ಸಾಯುತ್ತಿದ್ದವರ ಛಾಯಾಚಿತ್ರಗಳನ್ನು ಅಚ್ಚುಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಚಿತ್ತಪ್ರಸಾದ್ ಭಟ್ಟಾಚಾರ್ಯ ಎಂಬ ತರುಣ ಕಲಾವಿದರು ಮೇದಿನೀಪುರ ಜಿಲ್ಲೆಯಲ್ಲಿ ಕಾಲ್ನಡಿಗೆಯಲ್ಲಿ ಸುತ್ತಾಡಿ, ಕಂಡವರನ್ನು ಮಸಿಯ ರೇಖೆಗಳಲ್ಲಿ ಬರೆದುಕೊಂಡರು. ಅವರ ರೇಖಾಚಿತ್ರಗಳಲ್ಲಿ ಅನೇಕ ಕಡೆ ಆ ವ್ಯಕ್ತಿಯ ಹೆಸರು, ಊರು, ಅವನಿಗೆ ಒದಗಿದ ಗತಿ ದಾಖಲಾಗಿವೆ. ‘ಹಂಗ್ರಿ ಬೆಂಗಾಲ್’ ಎಂಬ ಹೆಸರಿನಲ್ಲಿ ಅವು ಪುಸ್ತಕವಾಗಿ ಬಂದಾಗ ಸರ್ಕಾರ ಪ್ರತಿಗಳನ್ನು ವಶಪಡಿಸಿಕೊಂಡು ನಾಶಮಾಡಿತು. ಕಲಾವಿದರ ಕುಟುಂಬದಲ್ಲಿ ಉಳಿದಿದ್ದ ಒಂದು ಪ್ರತಿಯ ಆಧಾರದಿಂದ 2011ರಲ್ಲಿ ಅದು ಮರುಮುದ್ರಣ ಕಂಡಿತು. ಕೆಲವು ಪುಟಗಳ ರೇಖಾಚಿತ್ರಗಳಿಗೆ ಒಂದು ಸಾಮ್ರಾಜ್ಯ ಅಂಜಿತೆಂದರೆ ಹೆಸರುಳ್ಳ ಒಂದು ಮುಖದ ಶಕ್ತಿ ಎಂತಹುದೆಂದು ನಾವೇ ಊಹಿಸಬಹುದು. 30 ಲಕ್ಷವೆಂಬ ಸಂಖ್ಯೆಗೆ ಮರಗಟ್ಟಿದ ಮನಸ್ಸು ಒಬ್ಬನ ಹೆಸರಿಗೆ ಓಗೊಡುತ್ತದೆ.

ಅದೇ ಕಾಲದಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಜೈನುಲ್ ಆಬೆದಿನ್ ಅಗ್ಗದ ಪೊಟ್ಟಣದ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಬರದ ಚಿತ್ರಗಳನ್ನು ಬರೆದರು. ದಪ್ಪ ಕುಂಚದ ನಾಲ್ಕೇ ಎಳೆತಗಳಲ್ಲಿ ಒಂದು ಪಕ್ಕೆಲುಬಿನ ಗೂಡು, ಒಂದು ಬರಿದಾದ ಬಟ್ಟಲು, ಕಸದ ತೊಟ್ಟಿಯ ಬಳಿ ಮನುಷ್ಯರು, ನಾಯಿಗಳು, ಕಾಗೆಗಳು. ಎತ್ತಿನ ಹುಣ್ಣಿನ ನೋವು ಕಾಗೆಗೇನು ಗೊತ್ತು ಎಂಬ ನಮ್ಮ ಗಾದೆ ಈ ಚಿತ್ರಗಳ ಮುಂದೆ ನಿಂತಾಗ ನೆನಪಾಗದೆ ಇರದು. ಹಿನ್ನೆಲೆಯಲ್ಲಿ ಕಟ್ಟಡವಿಲ್ಲ, ಆಕಾಶವಿಲ್ಲ, ನೆರಳಿಲ್ಲ. ನೋಟ ತಪ್ಪಿಸಿಕೊಂಡು ಹೋಗಲು ಬೇರೆ ಎಡೆಯೇ ಇಲ್ಲದಂತೆ ಅವರು ಖಾಲಿ ಕಾಗದವನ್ನು ಉಪಯೋಗಿಸಿದರು.

ಈ ಬರವನ್ನು ಕಂಡ ಇನ್ನೊಬ್ಬ ತರುಣ, 1921ರಲ್ಲಿ ಚಿತ್ತಗಾಂಗಿನಲ್ಲಿ ಜನಿಸಿದ ಸೋಮನಾಥ ಹೋರ್. ಅವರೂ ಮೊದಲು ಜನರನ್ನೇ ಬರೆದರು. ಆದರೆ 1970ರ ದಶಕದಲ್ಲಿ ಅವರು ಕೈಗೊಂಡ ‘ಗಾಯಗಳು’ ಎಂಬ ಮಾಲಿಕೆಯಲ್ಲಿ ಮನುಷ್ಯರೇ ಇಲ್ಲ. ಮೇಣ ಅಥವಾ ಜೇಡಿಮಣ್ಣಿನ ಹಾಳೆಯನ್ನು ಕತ್ತಿಯಿಂದ ಸೀಳಿ, ಅದರಿಂದ ಅಚ್ಚು ತೆಗೆದು, ಆ ಅಚ್ಚಿಗೆ ಕಾಗದದ ತಿರುಳನ್ನು ಒತ್ತಿ ಅವರು ಮಾಡಿದ ಹಾಳೆಗಳು ಬಿಳಿಯ ಮೇಲೆ ಬಿಳಿ. ಮೊದಲ ನೋಟಕ್ಕೆ ಖಾಲಿ ಕಾಗದ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಚರ್ಮದ ಮೇಲಿನ ಸೀಳು, ಬಾವು, ಮಾಯದ ಕಲೆ ಮೇಲೇಳುತ್ತವೆ. ಕಣ್ಣಿಗೆ ಜೋಮು ಹಿಡಿದವನಿಗೆ ಅವರು ಸ್ಪರ್ಶದ ಮೂಲಕ ಮಾತನಾಡಿದರು. ನೋವನ್ನು ಇನ್ನಷ್ಟು ಜೋರಾಗಿ ಕೂಗಿ ಹೇಳುವುದಕ್ಕಿಂತ, ಹತ್ತಿರ ಬಂದು ನೋಡಲೇಬೇಕಾದಷ್ಟು ಮೆಲ್ಲನೆ ಹೇಳುವುದು ಕೆಲವೊಮ್ಮೆ ಫಲಕಾರಿ ಎಂಬ ಪಾಠವನ್ನು ಚಿತ್ರ ಬರೆಯುವ ನಾವೆಲ್ಲ ಅವರಿಂದ ಕಲಿಯಬೇಕು.

ಮೂರನೆಯ ಕಾರಣ ಪುನರಾವೃತ್ತಿ. ಇದನ್ನು ವಸ್ತುವಾಗಿಸಿಕೊಂಡವರು ಅಮೆರಿಕದ ಆಂಡಿ ವಾರ್ಹೋಲ್. 1962ರ ಜೂನ್ 3ರಂದು ಪ್ಯಾರಿಸಿನ ಓರ್ಲಿ ನಿಲ್ದಾಣದಲ್ಲಿ ವಿಮಾನವೊಂದು ಅಪಘಾತಕ್ಕೀಡಾಯಿತು. ಮರುದಿನದ ಪತ್ರಿಕೆಯ ಮುಖಪುಟವನ್ನು ‘129 ಜನರ ಸಾವು’ ಎಂಬ ತಲೆಬರಹದ ಸಮೇತ ಅವರು ಕೈಯಿಂದಲೇ ದೊಡ್ಡದಾಗಿ ಬರೆದರು. ಬಳಿಕ ರೇಷ್ಮೆಪರದೆಯ ಮುದ್ರಣವನ್ನು ಉಪಯೋಗಿಸಿ, ಪತ್ರಿಕೆಗಳಲ್ಲಿ ಬಂದ ಕಾರು ಅಪಘಾತ, ವಿದ್ಯುತ್ ಕುರ್ಚಿ ಮೊದಲಾದ ಚಿತ್ರಗಳನ್ನು ಒಂದೇ ಪಟದ ಮೇಲೆ ಹತ್ತಾರು ಸಲ ಒತ್ತಿದರು. ಭೀಕರ ಚಿತ್ರವನ್ನು ಮತ್ತೆ ಮತ್ತೆ ನೋಡಿದರೆ ಅದು ನಮ್ಮನ್ನು ತಟ್ಟುವುದಿಲ್ಲವೆಂದು ಅವರು 1963ರಲ್ಲಿ ಸಂದರ್ಶಕರೊಬ್ಬರಿಗೆ ಹೇಳಿದ್ದುಂಟು. ಅವರ ಚಿತ್ರಗಳು ಆ ಮಾತಿನ ಪ್ರಯೋಗಶಾಲೆ. ಆದರೆ ಇಲ್ಲೊಂದು ಗಂಡಾಂತರವೂ ಇದೆ. 1963ರ ಕಾರು ಅಪಘಾತದ ಚಿತ್ರವೊಂದು 2013ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 10.5 ಕೋಟಿ ಡಾಲರಿಗೆ ಮಾರಾಟವಾಯಿತು. ಜಡತೆಯನ್ನು ತೋರಿಸಲು ಬರೆದ ಚಿತ್ರ ಸಿರಿವಂತರ ಗೋಡೆಗೆ ಅಲಂಕಾರವಾದಾಗ ಜಡತೆ ಗೆದ್ದಿತೋ ಚಿತ್ರ ಗೆದ್ದಿತೋ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ನಾಲ್ಕನೆಯದು ದೂರ. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಬಾಂಬುಗಳನ್ನು ಸುರಿದಾಗ ಪಿಕಾಸೋ ಪ್ಯಾರಿಸಿನಲ್ಲಿದ್ದರು. ಅವರೂ ನಮ್ಮಂತೆಯೇ ಪರದೇಶವಾಸಿ. ಸುದ್ದಿ ಅವರಿಗೆ ತಲುಪಿದ್ದು ವೃತ್ತಪತ್ರಿಕೆಯ ಮೂಲಕ. ಅವರು ಬರೆದ ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲದ ಚಿತ್ರದಲ್ಲಿ ಕಪ್ಪು, ಬಿಳಿ, ಬೂದು ಬಣ್ಣಗಳ ಹೊರತು ಬೇರೇನೂ ಇಲ್ಲ. ಕುದುರೆಯ ಮೈಮೇಲೆ ಅಚ್ಚಿನ ಸಾಲುಗಳಂತಹ ಗೀಟುಗಳಿವೆ. ತಾವು ಕಂಡದ್ದು ಊರನ್ನಲ್ಲ, ಪತ್ರಿಕೆಯನ್ನು ಎಂಬ ಸತ್ಯವನ್ನು ಅವರು ಮರೆಮಾಚಲಿಲ್ಲ. ಆ ಚಿತ್ರ ದೇಶದೇಶಗಳನ್ನು ಸುತ್ತಿ, ನ್ಯೂಯಾರ್ಕಿನಲ್ಲಿ ದಶಕಗಳ ಕಾಲವಿದ್ದು, 1981ರಲ್ಲಿ ಸ್ಪೇನಿಗೆ ಸೇರಿತು. ಅದರ ನೇಯ್ಗೆಯ ಪ್ರತಿಯೊಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸಭಾಂಗಣದ ಹೊರಗೆ ತೂಗಿತ್ತು. 2003ರ ಫೆಬ್ರವರಿ 5ರಂದು ಇರಾಕಿನ ವಿರುದ್ಧ ಅಮೆರಿಕದ ವಾದ ಮಂಡನೆಯಾದಾಗ ಅದಕ್ಕೆ ನೀಲಿ ಪರದೆಯನ್ನು ಇಳಿಬಿಟ್ಟಿದ್ದರು. ರುಡಾಲ್ಫನ ಕಾಲದ ಕುಂಚಕ್ಕೂ ಈ ಪರದೆಗೂ ನಡುವೆ ನಾಲ್ಕು ಶತಮಾನಗಳ ಅಂತರವಿದ್ದರೂ ಇಬ್ಬರ ಕೆಲಸವೂ ಒಂದೇ.

ದೂರವನ್ನೇ ಚಿತ್ರದ ಮೈಯಾಗಿಸಿದವರು ಜರ್ಮನಿಯ ಗೆರ್ಹಾರ್ಡ್ ರಿಕ್ಟರ್. 2001ರ ಸೆಪ್ಟೆಂಬರ್ 11ರಂದು ಅವರಿದ್ದ ನ್ಯೂಯಾರ್ಕಿನ ವಿಮಾನ ಕೆನಡಾದ ಹ್ಯಾಲಿಫ್ಯಾಕ್ಸಿಗೆ ತಿರುಗಿತು. 2005ರಲ್ಲಿ ಅವರು ಆ ಗೋಪುರಗಳನ್ನು ಬರೆದದ್ದು 52 ಸೆಂಟಿಮೀಟರ್ ಎತ್ತರ, 72 ಸೆಂಟಿಮೀಟರ್ ಅಗಲದ, ಮನೆಯ ದೂರದರ್ಶನದ ಪರದೆಯಷ್ಟೇ ಗಾತ್ರದ ಪಟದ ಮೇಲೆ. ಬೆಂಕಿಯ ಬಣ್ಣಗಳನ್ನು ಹಚ್ಚಿ, ಆಮೇಲೆ ಅವನ್ನು ಕೆರೆದು ತೆಗೆದರು. ಉಳಿದದ್ದು ಬೂದಿಯಂತಹ ಮಸುಕು. ಬೆಲ್ಜಿಯಂನ ಲೂಕ್ ತೈಮನ್ಸ್ ಇನ್ನೂ ಮುಂದೆ ಹೋದರು. 2002ರಲ್ಲಿ ಜರ್ಮನಿಯ ಕಾಸೆಲ್ ಪ್ರದರ್ಶನದಲ್ಲಿ, ಅದೇ ದುರಂತಕ್ಕೆ ಪ್ರತಿಕ್ರಿಯೆಯಾಗಿ ಅವರು ತೂಗುಹಾಕಿದ್ದು ಐದು ಮೀಟರ್ ಅಗಲದ, ಪೇಲವ ಬಣ್ಣದ, ಹಣ್ಣುಗಳೂ ನೀರಿನ ಹೂಜಿಯೂ ಇರುವ ಒಂದು ಚಿತ್ರವನ್ನು. ಅದೇ ನಮ್ಮ ಊಟದ ಮೇಜು. ಜಗತ್ತು ಉರಿಯುತ್ತಿರುವಾಗ ನಮ್ಮೆದುರಿಗೆ ಇರುವ ಹಣ್ಣಿನ ತಟ್ಟೆ.

ಇವರೆಲ್ಲರಿಗಿಂತ ನಮ್ಮನ್ನು ಆಳವಾಗಿ ಕಲಕುವ ಉದಾಹರಣೆ ಜಪಾನಿನ ಮಾರುಕಿ ದಂಪತಿಗಳದು. ಹಿರೋಶಿಮಾದವರೇ ಆದ ಇರಿ ಮಾರುಕಿ ಬಾಂಬು ಬಿದ್ದ ಕೆಲವೇ ದಿನಗಳಲ್ಲಿ ತಮ್ಮ ಊರಿಗೆ ಧಾವಿಸಿದರು. ಪತ್ನಿ ತೋಶಿ ಅವರನ್ನು ಹಿಂಬಾಲಿಸಿದರು. 1950ರಿಂದ 1982ರವರೆಗೆ ಇಬ್ಬರೂ ಕೂಡಿ ಹದಿನೈದು ಬೃಹತ್ ಫಲಕಗಳನ್ನು ಬರೆದರು. ಪತಿಯದು ಮಸಿಯ ಪರಂಪರೆ, ಪತ್ನಿಯದು ಪಾಶ್ಚಾತ್ಯ ತೈಲವರ್ಣದ ಶಿಕ್ಷಣ. ಆಕೆ ಸೂಕ್ಷ್ಮವಾಗಿ ಬರೆದ ದೇಹಗಳ ಮೇಲೆ ಅವರು ಮಸಿಯನ್ನು ಹರಿಯಬಿಡುತ್ತಿದ್ದರಂತೆ. 1970ರಲ್ಲಿ ಈ ಫಲಕಗಳು ಅಮೆರಿಕದಲ್ಲಿ ಪ್ರದರ್ಶಿತವಾದಾಗ, ನಾನ್‌ಕಿಂಗಿನಲ್ಲಿ ಜಪಾನೀ ಸೇನೆ ನಡೆಸಿದ ಹತ್ಯಾಕಾಂಡವನ್ನು ಚೀನೀ ಕಲಾವಿದನೊಬ್ಬ ಬರೆದು ಜಪಾನಿಗೆ ತಂದರೆ ನೀವೇನು ಮಾಡುವಿರಿ ಎಂಬ ಪ್ರಶ್ನೆ ಅವರಿಗೆ ಎದುರಾಯಿತು. ಆ ಪ್ರಶ್ನೆಯನ್ನು ಅವರು ತಳ್ಳಿಹಾಕಲಿಲ್ಲ. 1971ರಲ್ಲಿ, ಹಿರೋಶಿಮಾದಲ್ಲಿ ಸತ್ತ ಅಮೆರಿಕನ್ ಯುದ್ಧಕೈದಿಗಳನ್ನು ಬರೆದರು. 1972ರಲ್ಲಿ ‘ಕಾಗೆಗಳು’ ಎಂಬ ಫಲಕದಲ್ಲಿ, ಬಾಂಬಿಗೆ ಬಲಿಯಾಗಿ ಸತ್ತ ಮೇಲೂ ಶವಸಂಸ್ಕಾರದಲ್ಲಿ ಎಲ್ಲರಿಗಿಂತ ಹಿಂದೆ ಉಳಿದ ಕೊರಿಯನ್ನರನ್ನು ಬರೆದರು. ಕಪ್ಪು ಕಾಗೆಗಳ ಗುಂಪಿನ ನಡುವೆ ಬಿಳಿಯ ಕೊರಿಯನ್ ಉಡುಪು ತೇಲುತ್ತದೆ. 1975ರಲ್ಲಿ ನಾನ್‌ಕಿಂಗನ್ನೂ 1977ರಲ್ಲಿ ಆಶ್ವಿಟ್ಜನ್ನೂ ಬರೆದರು. ತಮ್ಮವರ ನೋವಿನಿಂದ ಹೊರಟ ಕುಂಚ ತಮ್ಮವರು ಕೊಟ್ಟ ನೋವಿನವರೆಗೆ ನಡೆಯಿತು. ಇದಕ್ಕಿಂತ ದೂರದ ಪ್ರಯಾಣ ಚಿತ್ರಕಲೆಯಲ್ಲಿ ಬೇರೊಂದುಂಟೆಂದು ನಮಗೆ ತೋರುವುದಿಲ್ಲ.

ಇಷ್ಟನ್ನು ನೋಡಿದ ಮೇಲೆ ನಮ್ಮ ಅಲಂಕಾರಶಾಸ್ತ್ರದ ಕಡೆಗೊಮ್ಮೆ ತಿರುಗುವುದು ಉಚಿತ. ಶೋಕ ಸ್ಥಾಯಿಭಾವ, ಕರುಣ ರಸ ಎಂಬುದು ನಮಗೆಲ್ಲ ತಿಳಿದದ್ದೇ. ಲೋಕದ ಶೋಕ ನೇರವಾಗಿ ರಸವಾಗುವುದಿಲ್ಲ. ‘ಇದು ನನ್ನದು, ಇದು ಅವನದು’ ಎಂಬ ಕಟ್ಟು ಸಡಿಲಿದಾಗ, ಸಾಧಾರಣೀಕರಣವಾದಾಗ ಮಾತ್ರ ರಸಾನುಭವ. ಅಭಿನವಗುಪ್ತರು ರಸಕ್ಕೆ ಏಳು ವಿಘ್ನಗಳನ್ನು ಹೇಳಿ, ಅವುಗಳಲ್ಲಿ ತನ್ನದೇ ಸುಖದುಃಖಗಳಿಗೆ ವಶನಾಗಿರುವುದನ್ನೂ ಎಣಿಸಿದ್ದಾರೆ. ಮನೆಯ ಸಾಲ, ಮಕ್ಕಳ ಪರೀಕ್ಷೆ, ಕೆಲಸದ ಆತಂಕಗಳಲ್ಲಿ ಮುಳುಗಿದ ನಮಗೆ ಹೊರಗಿನ ಶೋಕ ತಟ್ಟದಿರುವುದನ್ನು ಆಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಗುರುತಿಸಿದ್ದರೆನ್ನಬೇಕು. ಆದರೆ ಒಂದು ಎಚ್ಚರವೂ ಬೇಕು. ರಸ ಆನಂದಮಯವೆಂಬ ತತ್ತ್ವ ನಾಟಕಕ್ಕೆ ಸಲ್ಲುವಷ್ಟು ಸುಲಭವಾಗಿ ಇನ್ನೂ ನರಳುತ್ತಿರುವವನ ಚಿತ್ರಕ್ಕೆ ಸಲ್ಲುವುದಿಲ್ಲ. ಕಣ್ಣೊರೆಸಿಕೊಂಡು ತೃಪ್ತಿಯಿಂದ ಮನೆಗೆ ಹೋಗುವುದೂ ಜಡತೆಯ ಇನ್ನೊಂದು ರೂಪವೇ.

ನಮ್ಮ ನಾಡೂ ಒಂದು ಕಾಲಕ್ಕೆ ಇತರರ ದೂರವಾಗಿತ್ತು. ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಕ್ಷಾಮದ ಕಾಲದಲ್ಲಿ, ಎಂದರೆ 1876-78ರಲ್ಲಿ, ಮೈಸೂರು ಸಂಸ್ಥಾನದ ಊರುಗಳು ಬರಿದಾದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿಯಿತು. ಆ ಬರದ ನಟ್ಟನಡುವೆ, 1877ರ ಜನವರಿ 1ರಂದು, ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ವೈಭವದ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಸಾಮ್ರಾಜ್ಞಿಯೆಂದು ಸಾರಿದ. ಇಲ್ಲಿ ಕುಳಿತಿರುವ ಅನೇಕರ ಮುತ್ತಜ್ಜನ ಅಪ್ಪಂದಿರು ಆ ಕ್ಷಾಮವನ್ನು ದಾಟಿ ಉಳಿದವರು. ಯಾರೋ ಮಡಿಲಕ್ಕಿಯನ್ನು ಹಂಚಿಕೊಂಡದ್ದರಿಂದಲೇ ಅವರು ಉಳಿದಿರಬೇಕು. ಗೋಯಾನ ಫಲಕದ ಅಧಿಕಾರಿಯಂತೆ ಒರಗಿ ನೋಡುವ ಜಾಗದಲ್ಲಿ ಇಂದು ನಾವಿದ್ದೇವೆಂದರೆ, ನೋಡಲ್ಪಡುತ್ತಿದ್ದವರ ವಂಶದವರೂ ನಾವೇ.

ಕೊನೆಯದಾಗಿ ಎರಡು ಮಾತು. ಚಿತ್ರ ಬರೆಯುವ ಅಭ್ಯಾಸವುಳ್ಳವರಿಗೆ, ವಿಶೇಷವಾಗಿ ಇಲ್ಲಿರುವ ಕಿರಿಯರಿಗೆ ನಮ್ಮ ಸೂಚನೆ ಇದು: ಕಾಣದ ಊರಿನ ರಕ್ತವನ್ನು ಕೆಂಪು ಬಣ್ಣದಲ್ಲಿ ಬರೆಯಲು ಆತುರಪಡಬೇಡಿ. ಮೊದಲು ನೀವು ಎಲ್ಲಿ ಕುಳಿತು ನೋಡುತ್ತಿದ್ದೀರೋ ಆ ಕೋಣೆಯನ್ನು ಬರೆಯಿರಿ. ಮೇಜು, ತಟ್ಟೆ, ಕೈಯಲ್ಲಿರುವ ಪುಟ್ಟ ಪರದೆ, ಅದರ ಬೆಳಕು ಬಿದ್ದ ನಿಮ್ಮದೇ ಮುಖ. ಮರಗಟ್ಟಿದ್ದನ್ನು ಮರಗಟ್ಟಿದಂತೆಯೇ ಬರೆಯುವುದು ಸುಳ್ಳು ಕಣ್ಣೀರಿಗಿಂತ ಮೇಲು. ಒಬ್ಬರನ್ನು ಬರೆಯುವುದಾದರೆ ಚಿತ್ತಪ್ರಸಾದರಂತೆ ಅವರ ಹೆಸರನ್ನೂ ಊರನ್ನೂ ತಿಳಿದು ಬರೆಯಿರಿ.

ಚಿತ್ರ ಬರೆಯದವರು ನೋಡಬಹುದು. ಒಂದು ಸಂಜೆ ಐವತ್ತು ಚಿತ್ರಗಳನ್ನು ಬೆರಳಿನಿಂದ ಸರಿಸುವ ಬದಲು ಮಕ್ಕಳೊಡನೆ ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ಕುಳಿತುಕೊಳ್ಳಿ. ನಿಧಿ ಸಂಗ್ರಹದ ಉತ್ಸಾಹವನ್ನು ಮೊದಲ ವಾರಕ್ಕಷ್ಟೇ ಮುಗಿಸದೆ, ದುರಂತದ ವರ್ಷ ತುಂಬಿದ ದಿನಕ್ಕೂ ಒಂದು ಪಾಲನ್ನು ತೆಗೆದಿಡಿ. ಮನೆ ಕಟ್ಟುವುದಕ್ಕೆ, ಶಾಲೆ ತೆರೆಯುವುದಕ್ಕೆ ಹಣ ಬೇಕಾಗುವುದು ಎಲ್ಲರೂ ಮರೆತ ಮೇಲೆಯೇ. ಭಾವನೆ ಮುಟ್ಟದ ಕಡೆ ವಿವೇಕ ಮುಟ್ಟುತ್ತದೆಂದು ಸ್ಮಿತ್ ಹೇಳಿದ್ದರ ಅರ್ಥ ಇದೇ ಇರಬೇಕು. ಜೋಮು ಬಿಡುವಾಗ ಕಾಲು ಚುಚ್ಚುತ್ತದೆ, ಉರಿಯುತ್ತದೆ, ಊರಿ ನಿಲ್ಲಲಾಗುವುದಿಲ್ಲ. ಒಳ್ಳೆಯ ಚಿತ್ರದ ಮುಂದೆ ನಿಂತಾಗ ಆಗುವ ಕಸಿವಿಸಿಯೂ ಅಂತಹುದೇ. ಅದಕ್ಕೆ ಹೆದರಿ ಮುಖ ತಿರುಗಿಸುವುದು ಬೇಡ.